ನಮ್ಮ ಹೊಳೆಯ ತವರಿನಲ್ಲಿ ಅರ್ಧ ತಾಸು

ರಾಮದುರ್ಗದ ಅಕ್ಕತಂಗಿಯರೇ, ಬೇಸಿಗೆಯಲ್ಲಿ ಮಲಪ್ರಭೆ ಬತ್ತಿ ಬರೀ ಮರಳು, ಕಲ್ಲು ಕಂಡಾಗ ನಿಟ್ಟುಸಿರು ಬಿಟ್ಟವರು ನೀವೇ. 2019ರ ಆಗಸ್ಟ್‌ನಲ್ಲಿ ಅದೇ ಹೊಳೆ ಊರೊಳಗೆ ನುಗ್ಗಿದಾಗ ಕಾಳುಕಡಿ, ಹಾಸಿಗೆ ಹೊತ್ತು ಓಡಿದವರೂ ನೀವೇ. ಇಂಥ ಹೊಳೆಯ ತವರುಮನೆ ಹೇಗಿದೆಯೆಂದು ಒಮ್ಮೆಯಾದರೂ ನೋಡಬೇಡವೇ?

ಆ ತವರು ಖಾನಾಪುರ ತಾಲ್ಲೂಕಿನ ಕಣಕುಂಬಿ. ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಾಟಿನ ಕಡೆಗೆ ಹೋಗುವ ರಸ್ತೆಯ ಮೇಲಿದೆ. ಒಂದೇ ದಿನದಲ್ಲಿ ಹೋಗಿಬರುತ್ತೇವೆಂದು ಹಟ ಮಾಡಬೇಡಿ, ಮಕ್ಕಳು ಸೋಲುತ್ತಾವೆ. ಹಿಂದಿನ ರಾತ್ರಿ ಬೆಳಗಾವಿಯಲ್ಲಿ ಉಳಿಯಿರಿ. ಅಲ್ಲಿ ಬೀಗರ ಮನೆ ಇಲ್ಲದ ರಾಮದುರ್ಗದವರು ಎಷ್ಟು ಮಂದಿ ಇದ್ದಾರು!

ಜಾಂಬೋಟಿ ದಾಟಿದರೆ ನಮ್ಮ ಜೋಳದ ಹೊಲ, ಜಾಲಿಗಿಡ ಮರೆತೇಹೋಗುತ್ತವೆ. ಕಣಕುಂಬಿಯಲ್ಲಿ ಮಾವುಲಿ ದೇವಿಯ ಗುಡಿ. ಅದರ ಹತ್ತಿರದ ಹೊಂಡವೇ ಮಲಪ್ರಭೆಯ ಉಗಮ. 'ಇಷ್ಟೇ ಏನು?' ಅಂದೀರಿ. ಇಲ್ಲಿಂದ ಹೊರಟದ್ದೇ ನವಿಲುತೀರ್ಥದ ಅಣೆಕಟ್ಟಿನಲ್ಲಿ ತುಸು ನಿಂತು, ನಮ್ಮೂರನ್ನು ಹಾಯ್ದು, ಒಟ್ಟು 304 ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ.

ಕೈಕಾಲು ತೊಳೆದು, ದೇವಿಗೆ ಕಾಯಿ ಒಡೆಸಿ, ಊರಂಚಿನ ಮರಗಳ ನೆರಳಲ್ಲಿ ಅರ್ಧ ತಾಸು ನಡೆಯಿರಿ. ಅವಸರವೇನಿಲ್ಲ. ಬಿಸಿಲು ಜರಡಿ ಹಿಡಿದ ಹಾಗೆ ಇಳಿಯುತ್ತದೆ. ಮರದ ಬೊಡ್ಡೆಗೆಲ್ಲ ಹಸಿರು ಹಾವಸೆ, ಕಲ್ಲ ಸಂದಿಯಲ್ಲಿ ಜರಿಗಿಡ. ಮಕ್ಕಳ ಕೈಯಲ್ಲಿ ನೆಲದ ಕೊಳೆತ ಎಲೆಯನ್ನು ಒಂದು ಹಿಡಿ ಎತ್ತಿ ಹಿಂಡಿಸಿ ನೋಡಿ. ಮಳೆ ನಿಂತು ವಾರವಾದರೂ ತಂಪು ಆರಿರುವುದಿಲ್ಲ. ಒಗೆದ ಜಮಖಾನೆ ಹಗ್ಗದ ಮೇಲೆ ಹಾಕಿದರೆ ಸಂಜೆತನಕ ಹನಿ ಹನಿ ಸೋರುತ್ತದಲ್ಲ, ಕಾಡೂ ಹಾಗೆಯೇ. ಆಷಾಢ ಶ್ರಾವಣದ ಮಳೆಯನ್ನು ಕುಡಿದಿಟ್ಟುಕೊಂಡು ತಿಂಗಳುಗಟ್ಟಲೆ ಸೋರಿಸುತ್ತದೆ. ಮರವಿಲ್ಲದ ಗುಡ್ಡ ಹಂಚಿನ ಮಾಡಿದ್ದಂತೆ, ಬಿದ್ದದ್ದೆಲ್ಲ ಒಂದೇ ಸಲ ಕೆಳಗೆ.

ಊರ ಹತ್ತಿರವೇ ಕಳಸಾ ನಾಲೆಗಾಗಿ ಅಗೆದದ್ದೂ ಕಾಣಸಿಗುತ್ತದೆ. ಮಹದಾಯಿ ಕಣಿವೆಯ ನೀರನ್ನು ಮಲಪ್ರಭೆಗೆ ತಿರುಗಿಸುವ ಯೋಜನೆ ಅದು. 2018ರಲ್ಲಿ ನ್ಯಾಯಮಂಡಳಿ ಕಳಸಾ-ಬಂಡೂರಿ ಸೇರಿ 3.9 ಟಿಎಂಸಿ ನೀರನ್ನು ಒಪ್ಪಿತು. ಅದಕ್ಕಾಗಿ ನರಗುಂದದ ರೈತರು 2015ರಲ್ಲಿ ಧರಣಿ ಕೂತಿದ್ದನ್ನು ನೀವು ಬಲ್ಲಿರಿ. ನೀರು ನಮಗೆ ಬೇಕು, ಸುಳ್ಳಲ್ಲ. ಆದರೆ ಆ ಮರಗಳ ಕೆಳಗೆ ನಿಂತಾಗ, ಇವು ಹೋದರೆ ತಿರುಗಿಸಲಿಕ್ಕೆ ನೀರೆಲ್ಲಿಂದ ಅನ್ನುವ ಪ್ರಶ್ನೆ ನನ್ನನ್ನಂತೂ ಬಿಡಲಿಲ್ಲ.

ಹೋಗಲು ದಸರೆಯಿಂದ ಸಂಕ್ರಾಂತಿಯವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಜಿಗಣೆ ಕಾಟ. ಹೋಗಲೇಬೇಕೆಂದರೆ ಚಿಟಿಕೆ ಉಪ್ಪು ಸೆರಗಿನಲ್ಲಿರಲಿ. ಆ ಸೀಮೆಯಲ್ಲಿ ಕರಡಿಗಳುಂಟು, ಕಾಡಿನೊಳಗೆ ನುಗ್ಗಬೇಡಿ, ಹೊತ್ತು ಮುಳುಗುವ ಮೊದಲೇ ತಿರುಗಿ. ಭೀಮಗಡ ಅಭಯಾರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಸಾಕು. ಉಂಡ ಮೇಲೆ ಪ್ಲಾಸ್ಟಿಕ್ ಚೀಲವನ್ನು ಮಡಿಚಿ ವಾಪಸು ತನ್ನಿ. ಬರುವಾಗ ಹೊತ್ತಿದ್ದರೆ ಹಬ್ಬನಹಟ್ಟಿಯಲ್ಲಿ ಇಳಿದು ಹೊಳೆದಂಡೆಯ ಮಾರುತಿಗೆ ಕೈಮುಗಿಯಿರಿ. ಮಳೆಗಾಲದಲ್ಲಿ ಈ ದೇವರು ನೀರೊಳಗೇ ಇರುತ್ತಾನೆ.