ಬೋಲ್ಟ್ ಕೂತಿತು, ಬ್ರೇಕ್?

ಅಪ್ಪನ ಲಾರಿಯ ಹಿಂದಿನ ಆ್ಯಕ್ಸಲ್ ಹೌಸಿಂಗ್ ಬಿರುಕು ಬಿಟ್ಟಾಗ ಹೊಸದರ ರೇಟು ಕೇಳಿ ತಲೆ ತಿರುಗಿತು. ಕೊನೆಗೆ ಗುಜರಿಯಿಂದ ಅದೇ ಮಾಡೆಲ್‌ನ ಹಳೆಯದೊಂದನ್ನು ತಂದೆವು. ದುಡ್ಡು ನನ್ನದು, ಹಾಗಾಗಿ ಅವಸರವೂ ನನ್ನದೇ. ಶನಿವಾರ ಲ್ಯಾಪ್‌ಟಾಪ್ ಸಮೇತ ಬೈಕಂಪಾಡಿಯ ಗ್ಯಾರೇಜಿನಲ್ಲಿ ಕೂತಿದ್ದೆ.

ಮಧ್ಯಾಹ್ನದೊಳಗೆ ಆ್ಯಕ್ಸಲ್ ಸರಿಯಾಗಿ ಕೂತಿತು. ಬೋಲ್ಟ್ ಬಿಗಿಯಾಯಿತು, ಗಾಳಿಯ ಪೈಪೂ ಸೇರಿತು. ಹಾಸನದಲ್ಲಿ ಕಾಫಿ ಮೂಟೆಗಳು ಕಾಯುತ್ತಿದ್ದವು; ಸೋಮವಾರ ಪಣಂಬೂರು ಬಂದರಿಗೆ ಮುಟ್ಟಬೇಕು.

“ಇನ್ನೆಂತ ಮಾರಾಯ್ರೇ, ಹೊರಡಬಹುದಲ್ಲ?” ಅಂದೆ.

ಮೇಸ್ತ್ರಿ ಮಾತಾಡದೆ ಲಾರಿಯಡಿ ನುಗ್ಗಿ, ಬ್ರೇಕ್ ಚೇಂಬರ್ ಮೇಲಿನ ಮಣ್ಣು ಒರೆಸಿ ತೋರಿಸಿದರು. ಎಡಗಡೆ 24, ಬಲಗಡೆ 30. ಹಿಂದೆ ಯಾರೋ ಒಂದನ್ನು ಮಾತ್ರ ಬದಲಿಸಿದ್ದರು. ನಮ್ಮ ಹಳೇ ಆ್ಯಕ್ಸಲ್‌ನಲ್ಲಿ ಎರಡೂ 30.

ಆ ಸಂಖ್ಯೆ ಅಂದರೆ ಗಾಳಿ ತಳ್ಳುವ ಡಯಾಫ್ರಂನ ವಿಸ್ತೀರ್ಣ, ಚದರ ಇಂಚಿನಲ್ಲಿ. ಒತ್ತಡ ಒಂದೇ ಇದ್ದರೂ 24ಕ್ಕಿಂತ 30 ಕಾಲು ಪಾಲು ಹೆಚ್ಚು ತಳ್ಳುತ್ತದೆ. ಬ್ರೇಕ್ ಒತ್ತಿದರೆ ಲಾರಿ ಬಲಕ್ಕೆ ಎಳೆಯುತ್ತದೆ. ಶಿರಾಡಿ ಘಾಟಿ ಇಳಿಯುವಾಗ ಬಲದ ಡ್ರಮ್ಮೇ ಹೆಚ್ಚು ದುಡಿದು ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಹಿಡಿತ ಕಡಿಮೆ. ಒತ್ತಡ, ವಿಸ್ತೀರ್ಣ, ಬಲದ ಲೆಕ್ಕವನ್ನು ನಾನು ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಬರೆದವನೇ. ಗ್ಯಾರೇಜಿನಲ್ಲಿ ಮಾತ್ರ ನೆನಪಾಗಲಿಲ್ಲ.

“ಈ ಒಂದು ಟ್ರಿಪ್ ಹೋಗಿ ಬಂದು ಬದಲಿಸಿದರೆ ಆಗದಾ?” ಅಂತಲೂ ಕೇಳಿದೆ.

ಅಪ್ಪ ನಕ್ಕರು. “ಘಾಟಿ ಇಳಿಯುವವ ನಾನಲ್ವಾ ಮಗಾ.”

ಮತ್ತೆ ನಾನು ಬಾಯಿ ತೆರೆಯಲಿಲ್ಲ.

ಹಳೇ ಆ್ಯಕ್ಸಲ್‌ನ ಎರಡೂ ಚೇಂಬರ್‌ಗಳನ್ನು ಬಿಚ್ಚಿ ಇದಕ್ಕೆ ಹಾಕಿದರು. ಸ್ಲ್ಯಾಕ್ ಅಡ್ಜಸ್ಟರ್ ತೋಳಿನ ಉದ್ದ, ಡ್ರಮ್ಮಿನ ವ್ಯಾಸ, ಲೈನರಿನ ಅಗಲ ಎಲ್ಲವನ್ನೂ ಎಡ–ಬಲ ಅಳೆದು, ಹಳೆಯದರ ಜತೆಗೂ ತಾಳೆ ನೋಡಿದರು. ಹಿಂದಿನ ಹಿಡಿತ ಬದಲಾದರೆ ಮುಂದಿನ ಚಕ್ರಗಳ ಜತೆಗಿನ ಲೆಕ್ಕವೂ ತಪ್ಪುತ್ತದಂತೆ. ಲೈನರ್ ಎರಡೂ ಕಡೆ ಹೊಸತು. ಅಷ್ಟರಲ್ಲಿ ಆ ಲೋಡ್ ಬೇರೆ ಲಾರಿಗೆ ಹೋಯಿತು.

ಆಫೀಸಿನಲ್ಲಿ ಎರರ್ ಬರದೆ ರನ್ ಆದರೆ ಸಾಕು ಅಂತ ಎಷ್ಟೋ ಸಲ ಬಿಟ್ಟಿದ್ದೇನೆ. ತಪ್ಪಾದರೆ ಹಳೇ ವರ್ಷನ್ ಹಾಕಿದರಾಯಿತು. ಅಪ್ಪನಿಗೆ ಆ ಸೌಕರ್ಯ ಇಲ್ಲ.

ಮುಂದಿನ ವಾರ ಬೇರೆ ಲೋಡ್ ಸಿಕ್ಕಿತು. ಮೀಟಿಂಗ್ ನಡುವೆ ಫೋನ್ ಬಂತು. ಎದ್ದು ಹೊರಗೆ ಹೋದೆ.

“ಗುಂಡ್ಯ ಮುಟ್ಟಿದೆ ಮಗಾ. ಬ್ರೇಕ್ ಹಿಡಿದರೆ ನೇರ ನಿಲ್ತದೆ.”