ಬೆನ್ನು ಕಡೀತಿದೆಯೇನೋ?

ನಮ್ಮ ಕಾಲದಲ್ಲಿ ಮಕ್ಕಳನ್ನು ಬೈಯುವ ಮಾತುಗಳೆಲ್ಲ ಕೊಟ್ಟಿಗೆಯಿಂದಲೇ ಎದ್ದು ಬರುತ್ತಿದ್ದವು. ಊಟದ ಹೊತ್ತಿಗೂ ಮನೆ ಸೇರದ ಹುಡುಗ ‘ಕಣ್ಣಿ ಕಿತ್ತ ಕರು’. ಯಾರ ಮಾತಿಗೂ ಬಗ್ಗದೆ ಬೀದಿ ಅಲೆಯುವವನು ‘ಊರಿಗೆ ಬಿಟ್ಟ ಬಸವ’. ಪಕ್ಕದ ಹಿತ್ತಲಿನ ಸೀಬೆಕಾಯಿಗೆ ಕೈ ಹಾಕಿದವನು ‘ತುಡುಗು ದನ’. ವಯಸ್ಸಿಗೆ ಬಂದರೂ ಜವಾಬ್ದಾರಿ ಬಾರದ ಮಗನನ್ನು ನೋಡಿ ಅಜ್ಜಿ, “ಇವನಿಗೊಂದು ಮೂಗುದಾರ ಹಾಕ್ರೋ” ಅಂದರೆ ಬೇಗ ಹೆಣ್ಣು ನೋಡಿ ಎಂದರ್ಥ. ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ. ಹೋರಿಗರುವಿನ ಮೂಗು ಚುಚ್ಚಿ ದಾರ ಪೋಣಿಸುವುದನ್ನು ನಾವು ಕಂಬದ ಮರೆಯಲ್ಲಿ ನಿಂತು ನೋಡಿದವರು. ಆಳುಗಳೆಲ್ಲ ಸೇರಿದರೂ ಮಣಿಯದಿದ್ದ ಕರು, ದಾರ ಬಿದ್ದ ಮೇಲೆ ಸಣ್ಣ ಹುಡುಗ ಹಿಡಿದೆಳೆದರೂ ಹಿಂದೆ ಬರುತ್ತಿತ್ತು. ಆ ಕರುವಿನ ನೋವನ್ನೂ, ಪಳಗಿದ ಎತ್ತಿನ ಬೆಲೆಯನ್ನೂ ಕಂಡುಂಡವರ ಬಾಯಲ್ಲಿ ಮೂಗುದಾರ ಎಂಬ ಮಾತಿಗೆ ತೂಕವಿತ್ತು.

ತುಡುಗು ದನಕ್ಕೆ ಶಿಕ್ಷೆಯೂ ಇತ್ತು. ಪೈರು ಮೇದ ದನವನ್ನು ಹೊಲದವರು ಹೊಡೆದುಕೊಂಡು ಹೋಗಿ ದೊಡ್ಡಿಗೆ ಕೂಡುತ್ತಿದ್ದರು. ಉತ್ತರ ಕರ್ನಾಟಕದವರು ಅದನ್ನೇ ಕೊಂಡವಾಡ ಎನ್ನುತ್ತಾರೆ. ಬ್ರಿಟಿಷರು 1871ರಲ್ಲೇ ಇದಕ್ಕೊಂದು ಕಾಯಿದೆ ಮಾಡಿದ್ದರು. ದಂಡ ಕಟ್ಟಿ, ಮೇವಿನ ಖರ್ಚನ್ನೂ ಕೊಟ್ಟು ದನ ಬಿಡಿಸಿಕೊಂಡು ಬರಬೇಕು. “ದೊಡ್ಡಿಗೆ ಹಾಕ್ತೀನಿ ನೋಡು” ಎಂದರೆ ನಾವು ನಡುಗುತ್ತಿದ್ದುದು ಸುಮ್ಮನೆ ಅಲ್ಲ. ನೀರಿಗಾಗಿ ಅಂಬಾ ಎನ್ನುತ್ತಾ ಕಲ್ಲುಗೋಡೆಯ ಮೇಲಿಂದ ಮುಖ ಚಾಚುತ್ತಿದ್ದ ದನಗಳನ್ನು ಶಾಲೆಗೆ ಹೋಗುವ ದಾರಿಯಲ್ಲಿ ನೋಡಿಕೊಂಡೇ ಹೋಗುತ್ತಿದ್ದೆವು.

ಹೇಳಿದ್ದಕ್ಕೆಲ್ಲ ತಲೆಯಾಡಿಸುವವನು ಮಾತ್ರ ಕೋಲೆ ಬಸವ. ಸುಗ್ಗಿ ಮುಗಿದ ಮೇಲೆ ಓಲಗದ ಸದ್ದಿನೊಂದಿಗೆ ಬರುತ್ತಿದ್ದ ಆ ಬಸವನ ಸಿಂಗಾರವನ್ನು ಏನೆಂದು ಹೇಳಲಿ! ಬೆನ್ನ ಮೇಲೆ ಬಣ್ಣಬಣ್ಣದ ಜೂಲು, ಕೊಂಬಿಗೆ ಕುಚ್ಚು, ಕೊರಳಲ್ಲಿ ಕವಡೆ ಸರ, ಗೆಜ್ಜೆ. ಎತ್ತಿನ ಹೆಸರು ರಾಮ, ಜೊತೆಗಿರುವ ಹಸು ಸೀತೆ. ಇಬ್ಬರಿಗೂ ನಮ್ಮ ಅಂಗಳದಲ್ಲೇ ಮದುವೆ. “ರಾಮಣ್ಣಾ, ಈ ವರ್ಷ ಮಳೆ ಆಗ್ತದಾ?” ಎಂದರೆ ಮೇಲೆ ಕೆಳಗೆ ತಲೆಯಾಡಿಸುತ್ತಿತ್ತು. “ಅವ್ವನ ಮೇಲೆ ಕೋಪವಾ?” ಎಂದರೆ ಅಡ್ಡಡ್ಡ. ಮನೆಯವರು ಮೊರದ ತುಂಬ ರಾಗಿ ತಂದು ಸುರಿಯುತ್ತಿದ್ದರು. ಹೆಂಡತಿ ಅಂದಂತೆ, ಗೌಡರು ಅಂದಂತೆ, ಸಾಹೇಬರು ಅಂದಂತೆ ನಡೆಯುವವನನ್ನು ಕೋಲೆ ಬಸವ ಎಂದು ಕರೆದಾಗ ಆ ಮಾತಿನೊಳಗೆ ಓಲಗವೂ ಗೆಜ್ಜೆಯೂ ಕೇಳಿಸುತ್ತಿದ್ದವು. ಇವತ್ತು ಅದು ರಾಜಕಾರಣಿಗಳನ್ನು ಹಂಗಿಸುವ ಪತ್ರಿಕೆಯ ತಲೆಬರಹದಲ್ಲಷ್ಟೇ ಉಳಿದಿದೆ. ಓದುವ ಎಳೆಯರಲ್ಲಿ ಎಷ್ಟು ಮಂದಿ ಬಸವನನ್ನು ಕಂಡಿದ್ದಾರೋ!

ಪೆಟ್ಟಿಗೆ ಯೋಗ್ಯರಾದಾಗಲೂ ನಮ್ಮ ಹಿರಿಯರು ‘ಹೊಡೀತೀನಿ’ ಎಂದು ಬರಿದಾಗಿ ಹೇಳಿದವರಲ್ಲ. “ಯಾಕೋ, ಬೆನ್ನು ಕಡೀತಿದೆಯೇನೋ?” ಎಂಬುದು ಮೊದಲ ಎಚ್ಚರಿಕೆ. ಆಮೇಲೆ ಅಡುಗೆಮನೆಯಿಂದ ಕಜ್ಜಾಯ, ದೇವರಮನೆಯಿಂದ ಮಂಗಳಾರತಿ, ಸಹಸ್ರನಾಮ. “ಬಾ, ಚಳಿ ಬಿಡಿಸ್ತೀನಿ”, “ನಿನ್ನ ಗ್ರಹಚಾರ ಬಿಡಿಸ್ತೀನಿ”, “ಹುಣಸೆ ಬರಲು ಎಲ್ಲಿ?” ಇಷ್ಟೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಅವ್ವನ ಸಿಟ್ಟು ಅರ್ಧ ಇಳಿದಿರುತ್ತಿತ್ತು, ನಾವು ಹಿತ್ತಿಲ ಬಾಗಿಲು ದಾಟಿರುತ್ತಿದ್ದೆವು. ಎಷ್ಟೋ ಸಲ ಏಟಿಗಿಂತ ಮಾತೇ ದೊಡ್ಡದು. ಬೈದ ಬಾಯೇ ಸಂಜೆ “ಉಂಡೆಯೇನೋ ಮಗಾ” ಎಂದು ಕೇಳುತ್ತಿತ್ತು.

ಶಾಲೆಯದು ಬೇರೆ. ಅಲ್ಲಿನ ಪೆಟ್ಟು ಪೆಟ್ಟೇ. ಕೂಲಿಮಠದ ಕಾಲದ ಹಿರಿಯರು ಕೋದಂಡದ ಕತೆ ಹೇಳುತ್ತಿದ್ದರು. ತೊಲೆಗೆ ಹಗ್ಗ ಇಳಿಬಿಟ್ಟು ಮಗುವನ್ನು ಕೈಯಲ್ಲಿ ಜೋತುಬೀಳಿಸುವುದು. ರಾಮನ ಬಿಲ್ಲಿನ ಹೆಸರನ್ನು ಅಂಥ ಹಿಂಸೆಗೆ ಇಟ್ಟದ್ದು ನನಗೆ ಇವತ್ತಿಗೂ ಸಂಕಟ ತರುತ್ತದೆ. ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್‌ನಿಂದ ಜಾರಿಗೆ ಬಂದು ಶಾಲೆಗಳಲ್ಲಿ ಮಕ್ಕಳ ಮೇಲೆ ಕೈ ಮಾಡುವುದನ್ನೂ ಮನಸ್ಸು ನೋಯಿಸುವುದನ್ನೂ ನಿಷೇಧಿಸಿತು. ಒಳ್ಳೆಯದೇ ಆಯಿತು. ಬೆತ್ತ ಹೋದುದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ. ಜಾತಿ ಹಿಡಿದು ಬೈಯುತ್ತಿದ್ದ ಮಾತುಗಳೂ ತೊಲಗಲಿ. ಗಟ್ಟಿಯಾಗಿ ನಕ್ಕ ಹುಡುಗಿಯನ್ನು ಗಂಡುಬೀರಿ ಎನ್ನುವ, ತಲೆ ತಗ್ಗಿಸಿ ನಡೆದವಳನ್ನು ಮಾತ್ರ ‘ಹಸುವಿನಂಥವಳು’ ಎಂದು ಮೆಚ್ಚುವ ಬಾಯಿಯೂ ಮುಚ್ಚಲಿ. ಆ ಮೆಚ್ಚುಗೆ ಎಷ್ಟು ಅಕ್ಕಂದಿರ ಓದು ನಿಲ್ಲಿಸಿತೋ ಲೆಕ್ಕವಿಲ್ಲ.

ಆದರೆ ಕಸದ ಜೊತೆ ಕಾಳನ್ನೂ ತೂರಿಬಿಟ್ಟೆವಲ್ಲ ಎಂಬುದು ನನ್ನ ಕೊರಗು. ಟ್ರ್ಯಾಕ್ಟರ್ ಬಂತು, ಎತ್ತಿನ ದುಡಿತ ತಪ್ಪಿತು, ಅದು ಬೇಕಾದದ್ದೇ. ಕೊಟ್ಟಿಗೆ ಇದ್ದ ಜಾಗದಲ್ಲಿ ಕಾರು ನಿಂತಿತು. ಕಣ್ಣಿ, ಗೂಟ, ಬಾರುಕೋಲು ಕಣ್ಣಿಂದ ಮರೆಯಾದ ಮೇಲೆ ನಾಲಿಗೆಯಿಂದಲೂ ಜಾರಿದವು. ‘ಹದ್ದುಬಸ್ತಿನಲ್ಲಿಡು’ ಎಂಬ ಮಾತು ಇನ್ನೂ ಬದುಕಿದೆ, ಯಾಕೆಂದರೆ ಹೊಲದ ಗಡಿ ಗುರುತಿಸಲು ಜನ ಇಂದಿಗೂ ಹದ್ದುಬಸ್ತಿಗೆ ಅರ್ಜಿ ಕೊಡುತ್ತಾರೆ. ಉಳಿದವುಗಳಿಗೆ ಆ ಭಾಗ್ಯವಿಲ್ಲ. ಈಗ ಮಗು ತುಂಟಾಟ ಮಾಡಿದರೆ ‘ನಾಟಿ’, ಹೇಳಿದಂತೆ ಕೇಳಿದರೆ ‘ಗುಡ್ ಬಾಯ್’. ಕೆಂಪಕ್ಕನ ಮೊಮ್ಮಗನಿಗೂ ಅದೇ, ಕರಿಯಣ್ಣನ ಮೊಮ್ಮಗನಿಗೂ ಅದೇ. ಊರಿನ ವಾಸನೆಯಿಲ್ಲದ ಮಾತು. ಎಷ್ಟೋ ಮನೆಗಳಲ್ಲಿ ಅದೂ ಇಲ್ಲ, ಮಗುವಿನ ಕೈಗೆ ಫೋನು ಕೊಟ್ಟು ಬಾಯಿ ಮುಚ್ಚಿಸುತ್ತಾರೆ. ಬೈಯುವಷ್ಟು ಹೊತ್ತಾದರೂ ಅದರ ಮುಖ ನೋಡಬಾರದೇ?

ನಿಮ್ಮ ಮನೆಯಲ್ಲಿ ಎಂಬತ್ತರ ಅಜ್ಜಿಯೋ, ದನ ಕಟ್ಟಿ ಬದುಕಿದ ದೊಡ್ಡಪ್ಪನೋ ಇದ್ದರೆ ಹತ್ತಿರ ಕೂತು ಕೇಳಿ: ಸಣ್ಣವರಿದ್ದಾಗ ನಿಮ್ಮನ್ನು ಏನೆಂದು ಬೈಯುತ್ತಿದ್ದರು, ಯಾರು, ಯಾತಕ್ಕೆ? ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದಿಡಿ, ಆ ದನಿ ಫೋನಿನಲ್ಲೂ ಇರಲಿ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಇದೊಂದು ಕೆಲಸ ತಪ್ಪದೆ ಮಾಡಿ.