ಎಲೆ ತೂಕಕ್ಕೆ, ಬೀಡಿ ಲೆಕ್ಕಕ್ಕೆ

ಕಳೆದ ಮಳೆಗಾಲದಲ್ಲಿ ಮಂಗಳೂರಿಗೆ ಹೋಗಿದ್ದಾಗ ಬಸ್‌ಸ್ಟ್ಯಾಂಡ್ ಹತ್ತಿರದ ಗೂಡಂಗಡಿಯಲ್ಲಿ ರೋಲಿಂಗ್ ಪೇಪರ್ ನೇತುಹಾಕಿದ್ದು ಕಂಡಿತು. ತಂಬಾಕು ಬೇರೆ ತಂದು ತಾವೇ ಸುತ್ತಿಕೊಂಡು ಸೇದುವವರಿಗೆ ಬೇಕಾದ ತೆಳು ಹಾಳೆಗಳ ಪುಟ್ಟ ಪುಸ್ತಕ ಅದು. ನಮಗೆ ಸೇದುವ ಅಭ್ಯಾಸ ಇಲ್ಲ. ಆದರೂ ಒಂದನ್ನು ಕೊಂಡು ಜೇಬಿಗೆ ಹಾಕಿಕೊಂಡೆವು, ಅಮ್ಮನಿಗೆ ತೋರಿಸಬೇಕು ಅನಿಸಿತ್ತು.

ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ತಡಪೆ ಇಟ್ಟುಕೊಂಡು ಕೂತಿದ್ದ ಅಮ್ಮ ಒಂದು ಹಾಳೆ ಎಳೆದು, ಎಲೆಯನ್ನು ನೋಡುವ ಹಾಗೆಯೇ ಬೆಳಕಿಗೆ ಹಿಡಿದು ನೋಡಿದರು.

“ನರ ಇಲ್ಲ. ತೂತಿಲ್ಲ. ಎಲ್ಲ ಒಂದೇ ಅಳತೆ. ಇದಕ್ಕೆ ಕತ್ತರಿಯೇ ಬೇಡ ಅಲ್ಲವಾ?”

“ಬೇಡ.”

“ಇದನ್ನು ತೂಕ ಮಾಡಿ ಕೊಡುದಾ, ಲೆಕ್ಕ ಮಾಡಿ ಕೊಡುದಾ?”

“ಲೆಕ್ಕ. ಎಷ್ಟು ಹಾಳೆ ಉಂಟು ಅಂತ ಮೇಲೆಯೇ ಬರೆದಿರ್ತದೆ.”

“ಹಾಗಾದ್ರೆ ಪುಣ್ಯವಂತರು” ಎಂದು ಪುಸ್ತಕವನ್ನು ನಮ್ಮ ಕೈಗೆ ವಾಪಸು ಕೊಟ್ಟು ಮತ್ತೆ ಎಲೆಗೆ ಕೈ ಹಾಕಿದರು.

ಬೀಡಿಯ ಬಗ್ಗೆ ಹತ್ತು ವರ್ಷದಲ್ಲಿ ನಾವು ಬರೆದ ಯಾವ ವರದಿಯಲ್ಲೂ ಈ ಪ್ರಶ್ನೆ ಇರಲಿಲ್ಲ. ಅಮ್ಮ ಅದನ್ನು ಅರ್ಧ ನಿಮಿಷದಲ್ಲಿ ಕೇಳಿ ಮುಗಿಸಿದ್ದರು.

ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಬೀಡಿ ಕಟ್ಟದ ಮನೆಗಿಂತ ಕಟ್ಟುವ ಮನೆ ಹೆಚ್ಚಿದ್ದ ಕಾಲದಲ್ಲಿ ಬೆಳೆದವರು ನಾವು. ಆದರೆ ಬೀಡಿಗೆ ಬೇಕಾದ ಯಾವುದೂ ನಮ್ಮ ಊರಿನದಲ್ಲ. ಹೊಗೆಸೊಪ್ಪು ನಿಪ್ಪಾಣಿ ಕಡೆಯಿಂದ, ಗುಜರಾತಿನಿಂದ ಬರುತ್ತದೆ. ಎಲೆ ತೆಂದು ಮರದ್ದು. ಅದು ಒಣ ಕಾಡಿನ ಮರ, ನಮ್ಮ ಕರಾವಳಿಯ ಮಳೆಗೆ ಹೇಳಿದ್ದಲ್ಲ. ಮಧ್ಯಪ್ರದೇಶ, ಛತ್ತೀಸಗಢ, ಒಡಿಶಾ, ತೆಲಂಗಾಣ, ಮಹಾರಾಷ್ಟ್ರದ ಕಾಡಂಚಿನ ಜನ ಬೇಸಗೆಯಲ್ಲಿ ಅದನ್ನು ಕೊಯ್ಯುತ್ತಾರೆ. ಫೆಬ್ರವರಿ-ಮಾರ್ಚ್‌ನಲ್ಲಿ ಗಿಡ ಸವರಿದರೆ ಹೊಸ ಚಿಗುರು ಬರುತ್ತದೆ, ಆ ಎಳೆಯ ಎಲೆಯೇ ಬೀಡಿಗೆ ಸರಿ. ಅಲ್ಲಿ ಅದಕ್ಕೆ ಲೆಕ್ಕ ಉಂಟು. ಮಧ್ಯಪ್ರದೇಶ, ಛತ್ತೀಸಗಢದಲ್ಲಿ 50 ಎಲೆಗೆ ಒಂದು ಕಟ್ಟು, ಅಂಥ 1000 ಕಟ್ಟಿಗೆ ಒಂದು ಚೀಲ. ಅಂದರೆ ಒಂದು ಚೀಲಕ್ಕೆ 50,000 ಎಲೆ. ಮಧ್ಯಪ್ರದೇಶ 1964ರಲ್ಲಿ, ಒಡಿಶಾ 1973ರಲ್ಲಿ ಈ ವ್ಯಾಪಾರವನ್ನು ಸರ್ಕಾರದ ಕೈಗೆ ತೆಗೆದುಕೊಂಡವು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಿರು ಅರಣ್ಯ ಉತ್ಪನ್ನ ಯಾವುವು ಎಂದು ಹೇಳುವಲ್ಲಿ ತೆಂದು ಎಲೆಯ ಹೆಸರೂ ಇದೆ.

ಕಾಡಿನಲ್ಲಿ ಎಣಿಸಿ ಕೊಂಡ ಎಲೆ ನಮ್ಮ ಊರಿನ ಬ್ರಾಂಚಿಗೆ ಬರುವಾಗ ತಕ್ಕಡಿಗೆ ಹೋಗುತ್ತದೆ. ತೊಂದರೆ ಶುರುವಾಗುವುದು ಅಲ್ಲಿ.

ಸಾವಿರ ಬೀಡಿಗೆ ಇಷ್ಟು ತೂಕ ಎಲೆ, ಇಷ್ಟು ತೂಕ ಹೊಗೆಸೊಪ್ಪು ಎಂದು ಅಳೆದು ಕೊಡುತ್ತಾರೆ. ಮನೆಗೆ ತಂದು ಎಲೆಗೆ ನೀರು ಹಾಕಿ, ಗೋಣಿಯಲ್ಲಿ ಸುತ್ತಿ ಇಡಬೇಕು. ಮೆತ್ತಗಾದ ಮೇಲೆ ತಗಡಿನ ಅಳತೆ ಇಟ್ಟು ಕತ್ತರಿಸಬೇಕು. ದಪ್ಪ ನರ ಇದ್ದ ಕಡೆ ಬೀಡಿ ಸುತ್ತಿದರೆ ಬಿರಿಯುತ್ತದೆ, ಹಾಗಾಗಿ ನರ ಬಿಟ್ಟು ಕತ್ತರಿಸಬೇಕು. ಹುಳ ತಿಂದದ್ದು, ಚುಕ್ಕೆ ಬಿದ್ದದ್ದು, ಬೂಷ್ಟು ಹಿಡಿದದ್ದು ಎಲ್ಲ ಪಕ್ಕಕ್ಕೆ. ಒಳ್ಳೆಯ ಎಲೆಯಲ್ಲಿ ಎರಡು ತುಂಡು ಬಂದರೆ, ಕೆಟ್ಟದ್ದರಲ್ಲಿ ಒಂದೂ ಇಲ್ಲ. ಮುದಿ ಎಲೆ ದಪ್ಪ, ತಕ್ಕಡಿಯಲ್ಲಿ ಭಾರ ತೂಗುತ್ತದೆ, ತುಂಡು ಮಾತ್ರ ಕಡಿಮೆ ಬರುತ್ತದೆ. ತೂಕದಲ್ಲಿ ಒಂದು ಗ್ರಾಂ ಮೋಸ ಇಲ್ಲದೆಯೂ ಸಾವಿರ ಬೀಡಿಗೆ ಕೊಟ್ಟ ಎಲೆಯಲ್ಲಿ ಒಂಬೈನೂರು ಮಾತ್ರ ಆಗುವುದು ಹೀಗೆ.

ಕೂಲಿಗೆ ಮಾತ್ರ ತೂಕ ಇಲ್ಲ, ಅಲ್ಲಿ ಲೆಕ್ಕವೇ ಆಗಬೇಕು. ಸಾವಿರ ಕೊಟ್ಟರೆ ಸಾವಿರದ ಕೂಲಿ. ನೂರು ಕಮ್ಮಿಯಾದರೆ ಆ ನೂರರ ಕೂಲಿಯೂ ಇಲ್ಲ, ಅದರ ಹೊಗೆಸೊಪ್ಪು ಎಲ್ಲಿ ಹೋಯಿತು ಎಂಬ ಮಾತೂ ಕೇಳಬೇಕು. ಹಾಗಾಗಿ ಅಮ್ಮ ವಾರಕ್ಕೊಮ್ಮೆ ಪೇಟೆಯಿಂದ ಸ್ವಂತ ದುಡ್ಡಿನಲ್ಲಿ ಎಲೆ ತರಿಸುತ್ತಿದ್ದರು. ಸಣ್ಣವರಿದ್ದಾಗ ಆ ಎಲೆ ತರುವ ಕೆಲಸ ನಮ್ಮದು. ಕಂಪನಿಯ ಬೀಡಿಗೆ ನಾವು ಯಾಕೆ ಎಲೆ ತರಬೇಕು ಎಂದು ಒಮ್ಮೆಯೂ ಕೇಳಿದ ನೆನಪಿಲ್ಲ. ಎಲ್ಲ ಮನೆಯವರೂ ತರುತ್ತಿದ್ದರು.

ಜರ್ನಲಿಸಂ ಡಿಪ್ಲೊಮಾ ಮುಗಿಸಿ ಪತ್ರಿಕೆಯೊಂದಕ್ಕೆ ಬಿಡಿ ಸುದ್ದಿಗಾರರಾಗಿ ಸೇರಿದಾಗ ಮನೆಯಲ್ಲಿ ನಗುವೋ ನಗು. “ನಾನು ಬೀಡಿ, ನೀನು ಬಿಡಿ. ಒಂದು ದೀರ್ಘ ಮಾತ್ರ ಕಮ್ಮಿ” ಎಂದರು ಅಮ್ಮ. ತಿಂಗಳ ಕೊನೆಗೆ ಆ ತಮಾಷೆ ಅರ್ಥವಾಯಿತು. ನಮಗೂ ಅಚ್ಚಾದ ಸುದ್ದಿಗೆ ಮಾತ್ರ ದುಡ್ಡು. ಕಳಿಸಿದ್ದು, ಅದಕ್ಕಾಗಿ ತಿರುಗಿದ್ದು, ಪೆಟ್ರೋಲು ಎಲ್ಲ ನಮ್ಮದೇ ಎಲೆ.

ಸೇರಿ ಎರಡನೇ ವರ್ಷ ಮಳೆಗಾಲದಲ್ಲಿ ಬ್ರಾಂಚಿಗೆ ಬಂದ ಎಲೆ ಬಹಳ ಕೆಟ್ಟಿತ್ತು. ಅಕ್ಕಪಕ್ಕದ ಮನೆಯವರೆಲ್ಲ ಅದನ್ನೇ ಹೇಳುತ್ತಿದ್ದರು. ನಾವು ಆರು ಮನೆ ಸುತ್ತಿ, ಎಲೆ ತೂಗಿಸಿ, ಕತ್ತರಿಸಿದ ತುಂಡು ಎಣಿಸಿ ಒಂದು ವರದಿ ಬರೆದೆವು. ಡೆಸ್ಕಿನಲ್ಲಿ ಅದು ಸಿಂಗಲ್ ಕಾಲಂ ಆಯಿತು, ಎಣಿಕೆ ಪೂರ್ತಿ ಹೋಯಿತು, ‘ಬೀಡಿ ಎಲೆ ಕಳಪೆ: ಕಾರ್ಮಿಕರ ದೂರು’ ಎಂಬ ತಲೆಬರಹ ಉಳಿಯಿತು. ಆದರೂ ಖುಷಿಯಾಗಿ ಪೇಪರು ಹಿಡಿದು ಮನೆಗೆ ಹೋದೆವು.

ಮರುದಿನ ಅಮ್ಮ ಬೀಡಿ ಕೊಡಲು ಹೋದಾಗ ಬ್ರಾಂಚಿನಲ್ಲಿ ಎಲೆ ಕೊಡಲಿಲ್ಲ. “ನಿಮ್ಮ ಮನೆಯಲ್ಲಿ ಪೇಪರಿನವರು ಇದ್ದಾರಲ್ಲ, ಅವರ ಪೇಪರಿನಲ್ಲೇ ಸುತ್ತಿ” ಎಂದರಂತೆ. ಮೂರು ವಾರ ಹಾಗೇ ಹೋಯಿತು. ನಾವು ಮಾತಾಡಿದ ಬೇರೆ ಐದು ಮನೆಯವರಿಗೆ ಎಲೆ ಸಿಕ್ಕಿತು, ಯಾಕೆಂದರೆ ವರದಿಯಲ್ಲಿ ಅವರ ಹೆಸರಿರಲಿಲ್ಲ. ಅಮ್ಮನ ಹೆಸರೂ ಇರಲಿಲ್ಲ, ಆದರೆ ನಮ್ಮದು ಇತ್ತು. ಆ ಮೂರು ವಾರ ಪಕ್ಕದ ಮನೆಯಾಕೆ ತನಗೆ ಸಿಕ್ಕಿದ ಎಲೆಯಲ್ಲಿ ಸ್ವಲ್ಪ ಅಮ್ಮನಿಗೆ ಕೊಟ್ಟು, ಕಟ್ಟಿದ್ದನ್ನು ತನ್ನ ಪಾಸ್‌ಬುಕ್ಕಿನಲ್ಲಿ ಸೇರಿಸಿ, ಕೂಲಿ ತಂದು ಕೊಡುತ್ತಿದ್ದರು. ಅಮ್ಮ ನಮಗೆ ಒಂದು ಮಾತು ಬಯ್ಯಲಿಲ್ಲ. ನಾಲ್ಕನೇ ವಾರ ತಾವೇ ಬ್ರಾಂಚಿಗೆ ಹೋಗಿ, ಏನು ಹೇಳಿದರೋ, ಎಲೆ ತಂದರು. ಏನು ಹೇಳಿದಿರಿ ಎಂದು ಕೇಳುವ ಧೈರ್ಯ ನಮಗೆ ಇವತ್ತಿಗೂ ಆಗಿಲ್ಲ.

ಕಾನೂನು ಇಲ್ಲವೆಂದಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರೆಂದೇ ಕರೆಯಿತು. ಅದನ್ನು ಪ್ರಶ್ನಿಸಿ ಮಂಗಳೂರಿನ ಬೀಡಿ ಉದ್ಯಮವೂ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಕಚ್ಚಾ ಸಾಮಗ್ರಿ ಕೊಡುವುದರಲ್ಲಿ, ಬೀಡಿ ತಿರಸ್ಕರಿಸುವುದರಲ್ಲಿ ತಕರಾರು ಬಂದರೆ ಎಲ್ಲಿಗೆ ಹೋಗಬೇಕು ಎಂಬುದನ್ನೂ ಅದರ 39ನೇ ಸೆಕ್ಷನ್ ಹೇಳಿತು. 2020ರಲ್ಲಿ ಸಂಸತ್ತು ಒಪ್ಪಿದ ಕಾರ್ಮಿಕ ಸಂಹಿತೆಯೊಳಗೆ ಆ ಕಾಯ್ದೆ ಸೇರಿಹೋಗಿದೆ. ನಮ್ಮ ವರದಿಯ ಮೂರು ವಾರದಲ್ಲಿ ಈ ಸೆಕ್ಷನ್ ನಮಗೇ ಗೊತ್ತಿರಲಿಲ್ಲ. ಗೊತ್ತಿದ್ದರೂ, ದಿನಾ ಎಲೆ ಕೊಡುವ ಕೈಯ ಮೇಲೆ ಅಮ್ಮ ದೂರು ಕೊಡುತ್ತಿದ್ದರೇ?

ಇದೇ ಎಲೆ ನಮ್ಮನ್ನು ಓದಿಸಿತು ಎಂಬುದೂ ನಿಜ. 1976ರ ಸೆಸ್ ಕಾಯ್ದೆಯಿಂದ ಬಂದ ಹಣದ ಕಲ್ಯಾಣ ನಿಧಿಯಿಂದ ಬೀಡಿ ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿವೇತನ ಬರುತ್ತಿತ್ತು. ಅಮ್ಮನ ಗುರುತಿನ ಚೀಟಿಯ ಜೆರಾಕ್ಸ್ ಹಿಡಿದು ಶಾಲೆಯಲ್ಲಿ ಸಾಲು ನಿಂತವರು ನಾವು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ಹೋಯಿತು. ಬೀಡಿಗೆ ಶೇ 28, ಎಲೆಗೆ ಶೇ 18 ತೆರಿಗೆ ಬಂತು. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಅವನ್ನು ಶೇ 18 ಮತ್ತು ಶೇ 5ಕ್ಕೆ ಇಳಿಸುವ ತೀರ್ಮಾನ ಮಾಡಿತು. ಆ ಸುದ್ದಿ ಓದಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ: “ಎಲೆ ಒಳ್ಳೆದು ಬರ್ತದಾ?”

ಬೀಡಿಯನ್ನು ಹೊಗಳಲು ನಾವು ಇದನ್ನು ಬರೆಯುತ್ತಿಲ್ಲ. ನಮ್ಮ ಮಾವ ಜೀವನವಿಡೀ ಬೀಡಿ ಸೇದಿದವರು. “ಸಿಗರೇಟಾದರೆ ಕಾಗದ ಸುಡುದು, ಇದು ಮರದ ಎಲೆ, ಎಂತದೂ ಆಗುದಿಲ್ಲ” ಎನ್ನುತ್ತಿದ್ದರು. ನಿಜ ಅದಕ್ಕೆ ತಿರುಗುಮುರುಗು. ಸಿಗರೇಟಿನ ಕಾಗದದಲ್ಲಿ ಗಾಳಿಯಾಡುವ ಸಣ್ಣ ರಂಧ್ರಗಳಿರುತ್ತವೆ, ಎಲೆಯಲ್ಲಿ ಅಷ್ಟು ಇಲ್ಲ. ಬೀಡಿ ಆರದಂತೆ ನೋಡಿಕೊಳ್ಳಲು ಸೇದುವವರು ಮತ್ತೆ ಮತ್ತೆ, ಜೋರಾಗಿ ಎಳೆಯಬೇಕಾಗುತ್ತದೆ, ಹೊಗೆ ಅಷ್ಟೂ ಒಳಗೆ ಹೋಗುತ್ತದೆ. ಮಾವನ ಕೊನೆಯ ಎರಡು ವರ್ಷ ಅಡುಗೆಮನೆಯಿಂದ ಜಗಲಿಗೆ ನಡೆಯುವಷ್ಟು ಉಸಿರು ಉಳಿದಿರಲಿಲ್ಲ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಬೀಡಿ ಸೇದುವವರು ಶೇ 7.7, ಸಿಗರೇಟು ಸೇದುವವರು ಶೇ 4. ಬೀಡಿ ಕಡಿಮೆಯಾಗಬೇಕು. ಅದು ಅಮ್ಮನಿಗೂ ಗೊತ್ತು. ಹೊಗೆಸೊಪ್ಪಿನ ಹುಡಿಗೆ ಅವರೇ ದಿನಾ ಕೆಮ್ಮುತ್ತಾರೆ.

ಕಡಿಮೆಯಾಗುತ್ತಲೂ ಇದೆ. ಈಗ ಬ್ರಾಂಚಿನಲ್ಲಿ ವಾರಕ್ಕೆ ಮೂರು ದಿನದ ಎಲೆ ಸಿಕ್ಕಿದರೆ ಹೆಚ್ಚು. ನಮ್ಮ ಬೈಲಿನ ಹುಡುಗಿಯರು ಗೇರುಬೀಜದ ಫ್ಯಾಕ್ಟರಿಗೆ, ಬಟ್ಟೆ ಅಂಗಡಿಗೆ ಹೋಗುತ್ತಾರೆ, ಯಾರೂ ತಡಪೆ ಹಿಡಿಯುವುದಿಲ್ಲ. ಉಳಿದವರು ಅಮ್ಮನ ಪ್ರಾಯದವರು. ಕೆಲಸ ಕಮ್ಮಿಯಾದರೂ ಎಲೆಯ ತಕ್ಕಡಿ ಹಾಗೆಯೇ ಇದೆ. ಮೂರು ದಿನದ ಕೂಲಿಯಲ್ಲೂ ಕೊರತೆಯ ಎಲೆಯ ದುಡ್ಡು ಕಳೆಯಬೇಕು.

ಪ್ರತಿ ವರ್ಷ ಮೇ 31ಕ್ಕೆ ತಂಬಾಕು ರಹಿತ ದಿನದ ಸುದ್ದಿ ಕಳಿಸಿ ಎಂದು ಡೆಸ್ಕಿನಿಂದ ಫೋನ್ ಬರುತ್ತದೆ. ಜಾಥಾ, ಪ್ರತಿಜ್ಞೆ, ಒಂದು ಗ್ರೂಪ್ ಫೋಟೊ ಕಳಿಸಿ ಮುಗಿಸುತ್ತಿದ್ದೆವು. ಈ ಸಲ ಅದರ ಜತೆಗೆ ಇನ್ನೊಂದು ಕಳಿಸಬೇಕೆಂದಿದ್ದೇವೆ. ಆರು ಮನೆಯ ಎಲೆ, ತೂಕ ಎಷ್ಟು, ತುಂಡು ಎಷ್ಟು. ಹಳೆಯ ನೋಟ್‌ಬುಕ್ಕು ಇನ್ನೂ ಇದೆ, ಎಣಿಕೆ ಮಾತ್ರ ಹೊಸದಾಗಿ ಮಾಡಬೇಕು.

ಈ ಸಲ ಮೊದಲು ಅಮ್ಮನನ್ನು ಕೇಳಿದೆವು, ಬರೆಯಬಹುದಾ ಎಂದು. ಅವರು ಕತ್ತರಿ ನಿಲ್ಲಿಸದೆ ಹೇಳಿದರು: “ಬರಿ. ಆದರೆ ಮಳೆಗಾಲಕ್ಕೆ ಮೊದಲು ಬರಿ. ಎರಡು ವಾರದ ಎಲೆ ನಾನು ತೆಗೆದಿಟ್ಟಿದ್ದೇನೆ.”